ಗೆಲ್ಲುತ್ತಿರುವ ಕುದುರೆಯನ್ನು ಈಗಲೇ ಮಾರಬೇಕೆ?

ಶೋಳಿಂಗನಲ್ಲೂರಿನ ಓದುಗರೇ,

ನಿಮ್ಮ ಹೆಣ್ಣುಕುದುರೆಗೆ ಒಳ್ಳೆಯ ಬೆಲೆ ಬಂದಿದೆ, ಮನೆಯವರು ಮಾರೋಣ ಅನ್ನುತ್ತಾರೆ, ನಿಮಗೆ ಮನಸ್ಸಿಲ್ಲ. ಬೀಜ ಒಡೆಸಿದ ಗಂಡಾಗಿದ್ದರೆ ಮಾರಿಬಿಡಿ ಎನ್ನುತ್ತಿದ್ದೆ. ಓಟ ನಿಂತ ದಿನ ಅದಕ್ಕೆ ಬೆಲೆಯಿಲ್ಲ. ಹೆಣ್ಣಿನ ಲೆಕ್ಕ ಬೇರೆ. ಗೆದ್ದ ದೊಡ್ಡ ರೇಸು ವಂಶಾವಳಿಯಲ್ಲಿ ಉಳಿದು ಮರಿಗಳ ಬೆಲೆಯನ್ನೂ ಏರಿಸುತ್ತದೆ. ಆದರೆ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಒಪ್ಪಿಗೆಯಿಲ್ಲ, ಗಂಡಿರುವ ಸ್ಟಡ್ ಫಾರಂಗೇ ಕಳಿಸಬೇಕು. ಸುಮಾರು 11 ತಿಂಗಳ ಗರ್ಭ, ವರ್ಷಕ್ಕೆ ಹೆಚ್ಚೆಂದರೆ ಒಂದು ಮರಿ, ಅದು ಓಡಲು ಇನ್ನೂ ಎರಡು ವರ್ಷ. ಅಷ್ಟು ಕಾಲ ಸ್ಟಡ್ ಫಾರಂ ಖರ್ಚನ್ನು ಸಂಬಳದಿಂದಲೇ ಭರಿಸಬಲ್ಲಿರಾ? ಮೊದಲು ಮನೆಯವರ ಜೊತೆ ಕೂತು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ.

2024ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ಚೆನ್ನೈನ ಗಿಂಡಿ ರೇಸ್‌ಕೋರ್ಸಿಗೆ ಬೀಗ ಹಾಕಿದ್ದನ್ನು ನೀವು ಹತ್ತಿರದಿಂದ ಕಂಡವರು. ಅಂಥದೊಂದು ಆದೇಶಕ್ಕೆ ಬೆಲೆ ಕುಸಿಯಬಹುದು, ಮುಂಗಾಲಿನ ಒಂದು ಸ್ನಾಯುರಜ್ಜು ಹರಿದರೂ ಕುಸಿಯಬಹುದು.

ಆದ್ದರಿಂದ ಅರ್ಧ ಪಾಲು ಈಗಲೇ ಮಾರಿ. ಹಾಕಿದ ಹಣ ಕೈಸೇರುತ್ತದೆ, ಕುದುರೆಯಲ್ಲಿ ಅರ್ಧ ಪಾಲೂ ನಿಮ್ಮದಾಗಿ ಉಳಿಯುತ್ತದೆ. ಕೊಳ್ಳುವವರು ಕೇಳುವ ಮೊದಲೇ ಕಾಲುಗಳ ಎಕ್ಸ್‌ರೇ, ಗಂಟಲಿನ ಎಂಡೋಸ್ಕೋಪಿ ಮಾಡಿಸಿ. ಯಾವ ತರಬೇತುದಾರರ ಲಾಯ, ಖರ್ಚಿನ ಹಂಚಿಕೆ ಹೇಗೆ, ಓಟ ಮುಗಿದ ಮೇಲೆ ಅದನ್ನು ಸಾಕುವವರು ಯಾರು ಎಂಬುದನ್ನೆಲ್ಲ ಕರಾರಿನಲ್ಲಿ ಬರೆಸದೆ ಸಹಿ ಹಾಕಬೇಡಿ.