ಮೊದಲ ಬೌಟ್‌ಗೆ ಮೂಲೆಯಲ್ಲಿ ನಿಲ್ಲುವುದು ಹೇಗೆ?

ಬಾಕ್ಸಿಂಗ್ ಅಂದ ಕೂಡಲೇ ನಮಗೆ ನೆನಪಾಗೋದು ರಿಂಗ್ ಒಳಗಿನ ಇಬ್ಬರು. ಮೂಲೆಯಲ್ಲಿ ಟವೆಲ್, ನೀರಿನ ಬಾಟಲಿ ಹಿಡಿದು ನಿಂತವರನ್ನು ಯಾರೂ ಅಷ್ಟಾಗಿ ಗಮನಿಸಲ್ಲ. ಆದರೆ ಮೊದಲ ಸಲ ರಿಂಗ್ ಹತ್ತುವವರ ಪಂದ್ಯ ಹೇಗೆ ಸಾಗುತ್ತದೆ ಎನ್ನುವುದರಲ್ಲಿ ಆ ಮೂಲೆಯ ಪಾಲು ದೊಡ್ಡದು. ಅಲ್ಲಿ ಕೋಚ್ ಆಗಿ ನಾವೇ ನಿಂತಿದ್ದೇವೆ ಅಂದುಕೊಂಡು ಈ ಪಾಠ ನೋಡೋಣ.

ಮೊದಲು ಲೆಕ್ಕ

ಅಮೆಚೂರ್ ಬಾಕ್ಸಿಂಗ್‌ನಲ್ಲಿ ಹಿರಿಯರ ಪಂದ್ಯ ಅಂದರೆ 3 ನಿಮಿಷದ 3 ರೌಂಡ್, ನಡುವೆ 1 ನಿಮಿಷದ ವಿರಾಮ. ಹೊಸಬರಿಗೆ ರೌಂಡ್ ಇನ್ನೂ ಚಿಕ್ಕದಿರಬಹುದು. 3 ರೌಂಡಿಗೆ ವಿರಾಮ ಎರಡೇ, ಅಂದರೆ ಇಡೀ ಪಂದ್ಯದಲ್ಲಿ ಕೋಚ್‌ಗೆ ಸಿಗೋದು 120 ಸೆಕೆಂಡ್. ಬಂದು ಸ್ಟೂಲ್ ಮೇಲೆ ಕೂರೋದು, ಮೌತ್‌ಗಾರ್ಡ್ ತೊಳೆಯೋದು, ಒಂದು ಗುಟುಕು ನೀರು, ಮತ್ತೆ ಏಳೋದು ಎಲ್ಲ ಕಳೆದರೆ ಮಾತಿಗೆ ಉಳಿಯೋದು ಪ್ರತಿ ವಿರಾಮದಲ್ಲಿ 20 ಸೆಕೆಂಡ್ ಇದ್ದರೆ ಹೆಚ್ಚು. ಹಾಗಾಗಿ ಕಲಿಸೋದೆಲ್ಲ ಮೊದಲೇ ಮುಗಿದಿರಬೇಕು. ಪರೀಕ್ಷಾ ಹಾಲ್‌ನ ಬಾಗಿಲಲ್ಲಿ ಹೊಸ ಚಾಪ್ಟರ್ ಓದಿದರೆ ಏನಾಗುತ್ತೆ ಅಂತ ನಮಗೆ ಗೊತ್ತಲ್ವಾ?

ಬೌಟ್‌ಗೆ ಮೊದಲು

ಅಂಕದ ವಿಷಯ ಮೊದಲೇ ತಿಳಿಸಬೇಕು. ಗ್ಲೌಸ್‌ನ ಬೆರಳಗೆಣ್ಣಿನ ಭಾಗ ತಲೆಯ ಮುಂಭಾಗಕ್ಕೋ ಪಕ್ಕಕ್ಕೋ, ಬೆಲ್ಟ್‌ನಿಂದ ಮೇಲಿನ ಮೈಗೋ ಸ್ವಚ್ಛವಾಗಿ ತಾಗಿದರೆ ಮಾತ್ರ ಅದು ಲೆಕ್ಕಕ್ಕೆ. ಅಂಗೈ ಭಾಗ ತಾಗುವಂತೆ ಬೀಸಿದ ಏಟಿಗೆ ಸದ್ದು ಜೋರು, ಅಂಕ ಸೊನ್ನೆ. ರೌಂಡ್ ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9. ಆದ್ದರಿಂದ ಹೊಸಬರ ಯೋಜನೆ ಚಿಕ್ಕದಿರಲಿ: ಜ್ಯಾಬ್, ಹಿಂದೆಯೇ ನೇರ ಬಲಗೈ, ಪಕ್ಕಕ್ಕೆ ಒಂದು ಹೆಜ್ಜೆ, ಗಾರ್ಡ್ ಮೇಲೆ.

ತೂಕದ ವರ್ಗಕ್ಕಾಗಿ ನೀರು ಬಿಡಿಸಿ ಒಣಗಿಸೋದು ಬೇಡವೇ ಬೇಡ. ಸುಸ್ತಾದ ದೇಹ ಏಟು ತಪ್ಪಿಸಿಕೊಳ್ಳೋದರಲ್ಲೂ ನಿಧಾನ. ಈಗಿರುವ ತೂಕದಲ್ಲೇ ಆಡಿಸೋಣ.

ಮೊದಲ ರೌಂಡ್‌ನಲ್ಲಿ ಏನಾಗುತ್ತೆ?

ಗಂಟೆ ಹೊಡೆಯುವ ಮೊದಲೇ ಅಡ್ರಿನಲಿನ್ ಏರಿ ಎದೆ ಬಡಿದುಕೊಳ್ಳುತ್ತಿರುತ್ತದೆ. ಹೊಸಬರು ಉಸಿರು ಬಿಗಿಹಿಡಿದು, ಪೂರ್ತಿ ಬಲ ಹಾಕಿ ಬೀಸುತ್ತಾರೆ. ನಿಮಿಷ ಕಳೆಯುವಷ್ಟರಲ್ಲಿ ತೋಳು ಸೀಸದಂತೆ ಭಾರ, ಗಾರ್ಡ್ ಕೆಳಗೆ. ಇದು ಹೇಡಿತನವಲ್ಲ, ಶರೀರದ ಕೆಲಸ ಅಂತ ಮೊದಲೇ ಹೇಳಿಟ್ಟರೆ ಅರ್ಧ ಗಾಬರಿ ಕಡಿಮೆ. ಪ್ರತಿ ಪಂಚ್‌ಗೂ 'ಶ್ಶ್' ಅಂತ ಉಸಿರು ಬಿಡೋದನ್ನು ಅಭ್ಯಾಸದಲ್ಲೇ ರೂಢಿ ಮಾಡಿಸಬೇಕು.

ಆ ಒಂದು ನಿಮಿಷ

ಮೊದಲ 20 ಸೆಕೆಂಡ್ ನಾವು ಮಾತಾಡೋದೇ ಬೇಡ. ಮೂಗಿನಿಂದ ಉಸಿರು ಒಳಗೆ, ಬಾಯಿಂದ ನಿಧಾನಕ್ಕೆ ಹೊರಗೆ. ಆಮೇಲೆ ಕಣ್ಣಲ್ಲಿ ಕಣ್ಣಿಟ್ಟು ಒಂದೇ ಸೂಚನೆ. ಆ ಹೊತ್ತಿನಲ್ಲಿ ತಲೆಯ ಬ್ಯಾಂಡ್‌ವಿಡ್ತ್ ಅಷ್ಟೇ. ಐದು ಮಾತು ತುರುಕಿದರೆ ಐದೂ ನಾಯ್ಸ್. 'ಗಾರ್ಡ್ ಇಳಿಸಬೇಡ' ಅನ್ನೋದಕ್ಕಿಂತ 'ಬಲಗೈ ಕೆನ್ನೆಗೆ' ಅನ್ನೋದು ಮೇಲು. ಏನು ಮಾಡಬಾರದು ಅಂತಲ್ಲ, ಕೈ ಏನು ಮಾಡಬೇಕು ಅಂತ ಹೇಳೋಣ. ಎದುರಾಳಿಯ ಹತ್ತು ದೋಷ ಕಂಡರೂ ಒಂದನ್ನೇ ಆರಿಸಿ ಒಂಬತ್ತನ್ನು ನುಂಗೋದೇ ಇಲ್ಲಿ ಕಷ್ಟದ ಕೆಲಸ.

ಟವೆಲ್

ಏಟಿಗೆ ತತ್ತರಿಸಿದವರಿಗೆ ರೆಫರಿ 8ರವರೆಗೆ ಎಣಿಸುತ್ತಾರೆ. ಆಗ ನಾವು ನೋಡಬೇಕಾದ್ದು ಕಣ್ಣು ಮತ್ತು ಕಾಲು. ನೋಟ ಎಲ್ಲೋ ಇದ್ದರೆ, ಕಾಲು ಹಿಡಿತ ತಪ್ಪಿದ್ದರೆ, ಏಟಿಗೆ ಉತ್ತರವೇ ಬರದಿದ್ದರೆ ಪಂದ್ಯ ನಿಲ್ಲಿಸಬೇಕು. ಹುಡುಗ 'ಆಗುತ್ತೆ ಸಾರ್' ಅಂದೇ ಅನ್ನುತ್ತಾನೆ, ಅದು ಪುರಾವೆಯಲ್ಲ. ಹೆಡ್‌ಗಾರ್ಡ್ ಇದೆಯಲ್ಲ ಅನ್ನೋದೂ ಸಮಾಧಾನವಲ್ಲ. ಅದು ಚರ್ಮ ಸೀಳೋದನ್ನು ತಗ್ಗಿಸುತ್ತೆ, ತಲೆಬುರುಡೆಯೊಳಗೆ ಮಿದುಳು ಅಲುಗೋದನ್ನು ತಡೆಯಲ್ಲ. ಒಮ್ಮೆ ಪೆಟ್ಟು ತಿಂದ ಮಿದುಳು ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಿದ್ದರೆ ಪ್ರಾಣಕ್ಕೇ ಅಪಾಯ.

ಪಂದ್ಯ ಮುಗಿದ ಮೇಲೂ ಕೆಲಸ ಇದೆ. ಆ ರಾತ್ರಿ ಒಬ್ಬರನ್ನೇ ರೂಮಿಗೆ ಕಳಿಸಬೇಡಿ. ತಲೆನೋವು ಹೆಚ್ಚಾದರೆ, ವಾಂತಿಯಾದರೆ, ಮಾತು ತೊದಲಿದರೆ, ಹೇಳಿದ್ದನ್ನೇ ಹೇಳುತ್ತಿದ್ದರೆ ತಕ್ಷಣ ಆಸ್ಪತ್ರೆ. ಎಲ್ಲ ಸರಿಯಿದ್ದರೆ ಎರಡು ದಿನ ಬಿಟ್ಟು, ಗೆದ್ದಿರಲಿ ಸೋತಿರಲಿ, ಒಟ್ಟಿಗೆ ಕೂತು ವಿಡಿಯೋ ನೋಡೋಣ. ಆ ಒಂಬತ್ತು ಮಾತಿಗೆ ಅಲ್ಲಿ ಬೇಕಾದಷ್ಟು ಸಮಯ ಇರುತ್ತೆ.