ತುಟ್ಟಿ ಪೆಟ್ರೋಲು: ಎರಡು ಸಲ ಮಾಡಿದ ಒಂದು ಪಾಠ

ಇಂಟರ್ನ್‌ಶಿಪ್ ಅವಧಿಯಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ ಹತ್ತನೇ ತರಗತಿಗೆ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಘಟಕವನ್ನು ಬೋಧಿಸುತ್ತಿದ್ದೆ. ಹಲಗೆಯ ಮೇಲೆ ಆಲ್ಕೇನ್‌ಗಳ ಹೆಸರು ಬರೆಯುತ್ತ ಎಂಟು ಕಾರ್ಬನ್‌ಗಳ ಆಕ್ಟೇನ್‌ಗೆ ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸರ್, ಬಂಕ್‌ನ್ಯಾಗ ಆಕ್ಟೇನ್ ಅಂತ ಬರ್ದಿರ್ತಾರಲ್ರಿ, ಆ ತುಟ್ಟಿ ಪೆಟ್ರೋಲ್ ಹಾಕ್ಸಿದ್ರ ಗಾಡಿ ಛಲೋ ಏವರೇಜ್ ಕೊಡ್ತದೇನ್ರಿ?”

ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆ. ಗಂಟೆ ಹೊಡೆಯಲು ಐದು ನಿಮಿಷ ಉಳಿದಿತ್ತು. “ಕಾರ್ಬನ್ ಹೆಚ್ಚಿದ್ದರೆ ಶಕ್ತಿ ಹೆಚ್ಚು, ಏವರೇಜೂ ಹೆಚ್ಚು” ಎಂದುಬಿಟ್ಟೆ. ಆ ದಿನದ ವೀಕ್ಷಣಾ ಹಾಳೆಯಲ್ಲಿ ‘ವಿದ್ಯಾರ್ಥಿಯ ಅನುಭವಕ್ಕೆ ಚೆನ್ನಾಗಿ ಸ್ಪಂದಿಸಿದ್ದಾರೆ’ ಎಂಬ ಟಿಪ್ಪಣಿಯೂ ಸಿಕ್ಕಿತು!

ಎಂಟು ದಿನ ಕಳೆದ ಮೇಲೆ ಅದೇ ಹುಡುಗ ವರಾಂಡದಲ್ಲಿ ಸಿಕ್ಕ. ಅವರಪ್ಪ ಬೈಕಿನಲ್ಲಿ ಹಾಲು ಒಯ್ಯುವವರು, ದಿನಕ್ಕೆ ಒಂದು ಲೀಟರ್ ಪೆಟ್ರೋಲ್ ಬೇಕು. “ನಮ್ಮಪ್ಪ ತುಟ್ಟಿದೇ ಹಾಕಸ್ಲತ್ತಾನ್ರಿ ಸರ್. ನೀವ್ ಹೇಳೀರಂತ ನಾನೇ ಹೇಳ್ದೆ. ಏವರೇಜ್ ಏನ್ ಫರಕ್ ಬಿದ್ದಿಲ್ರಿ.” ಲೀಟರಿಗೆ ಎಂಟು ರೂಪಾಯಿ ಹೆಚ್ಚೆಂದರೆ ಎಂಟು ದಿನಕ್ಕೆ 64 ರೂಪಾಯಿ. ಮೊತ್ತ ಸಣ್ಣದಿರಬಹುದು, ಆದರೆ ಅದು ನನ್ನ ಮಾತಿನ ಮೇಲೆ ಖರ್ಚಾದದ್ದು. ಅಂದು ರಾತ್ರಿ ಪದವಿಯ ರಸಾಯನಶಾಸ್ತ್ರದ ಪುಸ್ತಕ ತೆಗೆದು ಕುಳಿತೆ. ಮರುದಿನ ತರಗತಿಯಲ್ಲಿ ಮೊದಲು ಹೇಳಿದ್ದು, “ಹೋದ ವಾರ ನಾನು ಹೇಳಿದ್ದು ತಪ್ಪು” ಎಂದು. ಒಂದು ಕ್ಷಣ ಎಲ್ಲರೂ ಸುಮ್ಮನಾದರು.

ಬೋಧನೋಪಕರಣವಾಗಿ ಒಯ್ದಿದ್ದು ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು. ಇಬ್ಬರು ಹುಡುಗರು ಬಿರುಸಾಗಿ ಹೊಡೆದರು, ಉಳಿದವರು ಕೊಳವೆಯ ಬುಡ ಮುಟ್ಟಿ ನೋಡಿದರು. ಬಿಸಿಯಾಗಿತ್ತು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಬೈಕಿನ ಸಿಲಿಂಡರಿನಲ್ಲೂ ಇದೇ ನಡೆಯುತ್ತದೆ. ಸಾಮಾನ್ಯ 100 ಸಿಸಿ ಬೈಕಿನ ಪಿಸ್ಟನ್ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಆಮೇಲೆ ಪ್ಲಗ್ಗಿನ ಕಿಡಿಯಿಂದ ಬೆಂಕಿ ಹತ್ತಿ ಹರಡಬೇಕು. ಆ ಬೆಂಕಿ ತಲುಪುವ ಮೊದಲೇ ಉಳಿದ ಮಿಶ್ರಣ ಕಾವಿಗೆ ತಾನಾಗಿ ಹೊತ್ತಿಕೊಂಡರೆ ಟಕ್ ಟಕ್ ಎಂದು ಬಡಿದ ಸದ್ದು ಬರುತ್ತದೆ. ಇದೇ ನಾಕಿಂಗ್. ಭಾರ ಹೇರಿಕೊಂಡು ಟಾಪ್ ಗೇರಿನಲ್ಲೇ ಏರು ಹತ್ತಿಸುವಾಗ ಕೇಳಿದ್ದೇವೆ ಎಂದು ಮೂವರು ಕೈ ಎತ್ತಿದರು.

ಹಾಗೆ ತಾನಾಗಿ ಹೊತ್ತಿಕೊಳ್ಳದೆ ಇಂಧನ ಎಷ್ಟು ಒತ್ತಡ ತಾಳುತ್ತದೆ ಎಂಬುದರ ಅಳತೆಯೇ ಆಕ್ಟೇನ್ ಸಂಖ್ಯೆ. ಐಸೋ ಆಕ್ಟೇನ್‌ಗೆ 100, ಹೆಪ್ಟೇನ್‌ಗೆ 0 ಎಂದು ಇಟ್ಟುಕೊಂಡಿದ್ದಾರೆ. 91 ಎಂದರೆ 91 ಪಾಲು ಐಸೋ ಆಕ್ಟೇನ್, 9 ಪಾಲು ಹೆಪ್ಟೇನ್ ಬೆರೆಸಿದ ಮಿಶ್ರಣದಷ್ಟು ತಾಳಿಕೆ. ನನ್ನ ತಪ್ಪು ಬಯಲಾದದ್ದು ಇಲ್ಲಿ. ಹಲಗೆಯ ಮೇಲೆ ಎಂಟು ಕಾರ್ಬನ್‌ಗಳ ನೇರ ಸರಪಳಿಯನ್ನೂ ಕವಲೊಡೆದ ಐಸೋ ಆಕ್ಟೇನ್‌ನ್ನೂ ಪಕ್ಕಪಕ್ಕ ಬರೆಸಿದೆ. ಎರಡರ ಅಣುಸೂತ್ರ ಒಂದೇ, ಉರಿದಾಗ ಕೊಡುವ ಶಾಖವೂ ಹೆಚ್ಚುಕಡಿಮೆ ಒಂದೇ. ಆದರೆ ನೇರ ಸರಪಳಿಯ ಆಕ್ಟೇನ್ ಸಂಖ್ಯೆ ಸೊನ್ನೆಗಿಂತಲೂ ಕೆಳಗೆ! ಸಮಾಂಗತೆಯನ್ನು ಬ್ಯೂಟೇನ್ ಉದಾಹರಣೆಯಲ್ಲಿ ಕಲಿಸಿ ಮುಗಿಸಿದ್ದೆ. ಅದು ಯಾಕೆ ಬೇಕು ಎಂದು ಮಕ್ಕಳಿಗೆ ತಿಳಿದದ್ದು ಈ ದಿನ.

ಇನ್ನೊಂದು ಸಾಕ್ಷಿ ನಮ್ಮ ಭಾಗದ ಕಬ್ಬು. ಕಬ್ಬಿನಿಂದ ತೆಗೆದು ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ನ ಆಕ್ಟೇನ್ ಸಂಖ್ಯೆ 100 ದಾಟುತ್ತದೆ, ಆದರೆ ಲೀಟರ್ ಲೆಕ್ಕದಲ್ಲಿ ಅದರ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಆಕ್ಟೇನ್ ಎಂದರೆ ಶಕ್ತಿ ಎಂದಾಗಿದ್ದರೆ ಎಥೆನಾಲ್ ಬೆರೆತಷ್ಟೂ ಏವರೇಜ್ ಏರಬೇಕಿತ್ತು, ಇಳಿಯುತ್ತಿರಲಿಲ್ಲ.

ಮನೆಯ ಬೈಕಿನ ಪುಸ್ತಕ ತರಲು ಹೇಳಿದ್ದೆ. ತಂದದ್ದು ಒಬ್ಬಳೇ, ಪ್ಲಾಸ್ಟಿಕ್ ಕವರೂ ಬಿಚ್ಚಿರಲಿಲ್ಲ. ಅದರಲ್ಲಿ ‘91 ಅಥವಾ ಹೆಚ್ಚು’ ಎಂದಿತ್ತು. ಸಾದಾ ಪೆಟ್ರೋಲೇ ಅಷ್ಟಿರುತ್ತದೆ. 95, 100 ಆಕ್ಟೇನ್‌ನ ಎಕ್ಸ್‌ಪಿ95, ಎಕ್ಸ್‌ಪಿ100ನಂಥವು ಹೆಚ್ಚು ಒತ್ತುವ ರೇಸ್ ಬಗೆಯ ಬೈಕು, ಕೆಲವು ಟರ್ಬೊ ಕಾರುಗಳಿಗೆ ಉಪಯುಕ್ತ. ಪುಸ್ತಕ ಕೇಳಿದ್ದರೆ ಹಾಕಿಸಲೇಬೇಕು. ತುಟ್ಟಿ ಪೆಟ್ರೋಲಿಗೆ ಇಂಜಿನ್ ಸ್ವಚ್ಛ ಮಾಡುವ ರಾಸಾಯನಿಕ ಬೆರೆಸಿದ್ದರೂ ಆ ಗುಣಕ್ಕೂ ಆಕ್ಟೇನ್‌ಗೂ ಸಂಬಂಧವಿಲ್ಲ.

ಕೊನೆಗೆ ಲೆಕ್ಕ. ಸಾದಾ ಪೆಟ್ರೋಲ್ 100, ತುಟ್ಟಿಯದು 108 ರೂಪಾಯಿ ಎಂದು ಅನುಕೂಲಕ್ಕೆ ಹಿಡಿದೆವು. 60 ಕಿ.ಮೀ. ಕೊಡುವ ಗಾಡಿ 64.8 ಕಿ.ಮೀ. ಕೊಟ್ಟರೆ ಮಾತ್ರ ದುಡ್ಡು ಸರಿದೂಗುತ್ತದೆ. “ನಮ್ಮಣ್ಣಗ ಜಾಸ್ತಿ ಬಂದಿತ್ರಿ” ಎಂದ ಒಬ್ಬ. “ತುಟ್ಟಿ ಅಂತ ಹಗೂರ ಹೊಡ್ದಿರ್ತಾನ” ಎಂದು ಪಕ್ಕದವನೇ ಉತ್ತರ ಕೊಟ್ಟ. ನಿಧಾನ ಓಡಿಸಿದರೂ ಚಕ್ರಕ್ಕೆ ಸರಿಯಾಗಿ ಗಾಳಿ ಹಾಕಿಸಿದರೂ ಏವರೇಜ್ ಏರುತ್ತದೆಂಬುದನ್ನು ಅಲ್ಲಿಂದಲೇ ಹೇಳಿಸಿದೆ.

ಗಂಟೆ ಹೊಡೆಯುವ ಹೊತ್ತಿಗೆ ಒಬ್ಬ ಹುಡುಗಿ ಕೇಳಿದಳು, “ಟ್ರ್ಯಾಕ್ಟರ್ ಡೀಸೆಲ್‌ಗೂ ಆಕ್ಟೇನ್ ಇರ್ತದೇನ್ರಿ ಸರ್?” ಈ ಸಲ “ನಾಳೆ ಹೇಳ್ತೀನಿ” ಎಂದೆ. ಡೀಸೆಲ್ ಇಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿಯೇ ಇಲ್ಲ. ಒತ್ತಿ ಕಾಯಿಸಿದ ಗಾಳಿಗೆ ಡೀಸೆಲ್ ಚಿಮ್ಮಿಸಿದ ಕೂಡಲೇ ಅದು ತಾನಾಗಿ ಹೊತ್ತಿಕೊಳ್ಳಬೇಕು. ಪೆಟ್ರೋಲಿನಲ್ಲಿ ಬೇಡವಾದದ್ದೇ ಅಲ್ಲಿ ಬೇಕಾದ ಗುಣ. ಅದರ ಅಳತೆಯ ಹೆಸರು ಸೀಟೇನ್ ಸಂಖ್ಯೆ. ಮರುದಿನದ ಪಾಠವನ್ನು ಅಲ್ಲಿಂದಲೇ ಶುರುಮಾಡಿದೆ.