ಹಾರ್ಡ್ ಡಿಸ್ಕಿನ ಪಾಲುಪಟ್ಟಿ

ಅಣ್ಣತಮ್ಮಂದಿರು ಜಮೀನು ಹಂಚಿಕೊಳ್ಳುವಾಗ ಪಾಲುಪಟ್ಟಿ ಬರೆಯುವುದು ವಾಡಿಕೆಯಷ್ಟೆ. ಹಾರ್ಡ್ ಡಿಸ್ಕಿನಲ್ಲಿಯೂ ಅಂಥದೊಂದು ಪಟ್ಟಿಯುಂಟು. ಹಳೆಯ ಎಂ.ಬಿ.ಆರ್. ಪದ್ಧತಿಯಲ್ಲಿ ಅದು ಕೇವಲ 64 ಬೈಟುಗಳದು. ಪಾಲೊಂದಕ್ಕೆ 16ರಂತೆ ನಾಲ್ಕು ಪಾಲುಗಳಿಗೆ ಮಾತ್ರ ಅಲ್ಲಿ ಸ್ಥಳ.

2000ರ ದಶಕದ ಕೆಲವು ಡೆಲ್ ಲ್ಯಾಪ್‌ಟಾಪುಗಳಲ್ಲಿ ‘ಮೀಡಿಯಾ ಡೈರೆಕ್ಟ್’ ಎಂಬ ತಂತ್ರಾಂಶವು ಮೊದಲೇ ಅಳವಟ್ಟು ಬರುತ್ತಿತ್ತು. ಪ್ರತ್ಯೇಕ ಗುಂಡಿಯೊಂದನ್ನು ಒತ್ತಿದರೆ ಸಾಕು, ಎಂದಿನ ವಿಂಡೋಸನ್ನು ಎಬ್ಬಿಸದೆಯೇ ಹಾಡು, ಚಲನಚಿತ್ರ. ಇದಕ್ಕಾಗಿ ಡಿಸ್ಕಿನಲ್ಲಿ ಕಣ್ಣಿಗೆ ಕಾಣದ ಪಾಲೊಂದನ್ನು ಮೀಸಲಿಟ್ಟಿದ್ದರು.

ಅಂಥ ಡಿಸ್ಕನ್ನು ಬರಿದುಮಾಡಿ ಎಲ್ಲವನ್ನೂ ಮತ್ತೆ ಅಳವಡಿಸುವವರು ಸಾಮಾನ್ಯವಾಗಿ ವಿಂಡೋಸಿನಿಂದ ಆರಂಭಿಸುತ್ತಾರೆ. ತಪ್ಪುವುದು ಇಲ್ಲಿಯೇ. ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿಕೊಂಡು, ಮೊದಲು ಮೀಡಿಯಾ ಡೈರೆಕ್ಟಿನ ಸಿ.ಡಿ.ಯಿಂದಲೇ ಪಾಲುಮಾಡಿಸಬೇಕು, ಅನಂತರ ವಿಂಡೋಸ್, ಡ್ರೈವರುಗಳು, ಕಡೆಗೆ ಅದೇ ಸಿ.ಡಿ. ಇನ್ನೊಮ್ಮೆ. ಕ್ರಮ ತಪ್ಪಿದ ಯಂತ್ರದಲ್ಲಿ ಆ ಗುಂಡಿಯನ್ನೊತ್ತಿದರೆ ಪಾಲುಪಟ್ಟಿಯೇ ಬದಲಾಗಿ ವಿಂಡೋಸ್ ಏಳದಿರುವುದುಂಟು. ಹಾಡಿನ ಗುಂಡಿಗೆ ಇಷ್ಟು ಅಧಿಕಾರ ಕೊಟ್ಟದ್ದು ನನಗಂತೂ ಸರಿತೋರದು.

ಬರೆದಿಟ್ಟ ಪ್ರಬಂಧವೇನೋ ಡಿಸ್ಕಿನಲ್ಲಿಯೇ ಇರುತ್ತದೆ. ಹೊಲವಿದ್ದೂ ಪಹಣಿ ಕಳೆದಂತೆ, ಅಷ್ಟೆ. ಗಾಬರಿಯಿಂದ ಮತ್ತೆ ವಿಂಡೋಸ್ ಅಳವಡಿಸಿದರೆ ಹಳೆಯ ಬರೆಹದ ಮೇಲೆ ಹೊಸದು ಕುಳಿತು ಪ್ರಬಂಧವು ನಿಜವಾಗಿಯೂ ಹೋದೀತು. ಅದಕ್ಕೆ ಮುನ್ನವೇ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ಹಳೆಯ ಪಾಲುಗಳ ಗಡಿ ಹುಡುಕಿಸಿ, ಪಟ್ಟಿಯನ್ನು ಮರಳಿ ಬರೆಯಿಸಲು ಯತ್ನಿಸಬಹುದು.